ಮೊಟ್ಟೆ ಲೆಕ್ಕ ಮುಗಿಯುವ ತನಕ ಹೊಡೆತ ತಿನ್ನಬೇಕಾ, ಸಚಿವರೇ?

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ, ಚಿಕ್ಕಬಳ್ಳಾಪುರ ಜಿಲ್ಲೆಯಿಂದ ನಮಸ್ಕಾರ.

ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ತಾಲ್ಲೂಕಿಗೊಬ್ಬರು ಪೂರ್ಣಾವಧಿ ಸಂರಕ್ಷಣಾಧಿಕಾರಿ ಬೇಕು, ಅಂದರೆ ಮನೆಯಲ್ಲಿ ಹೊಡೆತ ತಿಂದ ಹೆಂಗಸಿನ ವರದಿ ಬರೆದು ಮ್ಯಾಜಿಸ್ಟ್ರೇಟ್‌ಗೆ ಕೊಡುವ ಅಧಿಕಾರಿ. ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ತಲೆ ಮೇಲೆ ಹೆಚ್ಚುವರಿಯಾಗಿ ಹೊರಿಸಿದವರಲ್ಲ, ಇದೇ ಕೆಲಸಕ್ಕೆ ಅಂತ ಇರುವವರು.

ನನ್ನ ತಂಗಿ ರೇಷ್ಮೆ ಫಿಲೇಚರ್‌ನಲ್ಲಿ ನೂಲು ತೆಗೆಯುತ್ತಾಳೆ. ಬಟವಾಡೆ ದಿನ ಬಂತು ಅಂದ್ರೆ ಮನೆಯಲ್ಲಿ ಗಲಾಟೆ. ಗಂಡನಿಗೆ ದುಡ್ಡು ಕೊಟ್ಟರೆ ಕುಡಿದು ಬಂದು ಹೊಡೆತ, ಕೊಡದಿದ್ದರೆ ಕುಡಿಯೋಕೆ ಮುಂಚೆಯೇ ಹೊಡೆತ. ವರ್ಷಗಟ್ಟಲೆ ಸಹಿಸಿದೆವು. ಈ ಸಲ ಒಡೆದ ಬಳೆ ಚೂರು ಮಣಿಕಟ್ಟಿನೊಳಗೇ ಉಳಿದಿತ್ತು. ಭುಜದ ತನಕ ಕಂದಿತ್ತು. ಹಾಗೇ ಠಾಣೆಗೆ ಕರೆದುಕೊಂಡು ಹೋದೆ. ಅಲ್ಲಿದ್ದವರು ನೋಡಿ, "ಗೂಡು ಬೇಯಿಸೋ ಬಿಸಿನೀರಿಂದ ಆಗಿರೋದಲ್ವಾ ಇದು?" ಅಂದರು. ಬಿಸಿನೀರು ಭುಜ ಹತ್ತುತ್ತದೆ ಅಂತ ನನಗೆ ಗೊತ್ತಿರಲಿಲ್ಲ ಸ್ವಾಮಿ! ಆಮೇಲೆ ಅವಳ ಗಂಡನನ್ನು ಕರೆಸಿದರು. ಅವನು ತೂರಾಡುತ್ತಾ ಬಂದ. ಅವನಿಗೆ ಟೀ. ಮುಚ್ಚಳಿಕೆ ಬರೆಸಿಕೊಂಡದ್ದು ಮಾತ್ರ ತಂಗಿ ಹತ್ತಿರ, "ಇನ್ನು ಮುಂದೆ ಗಂಡನ ಜೊತೆ ಹೊಂದಿಕೊಂಡು ಹೋಗುತ್ತೇನೆ" ಅಂತ. ಹೊಡೆಸಿಕೊಂಡವಳ ಸಹಿ!

ಅಲ್ಲಿಂದ ಸಂರಕ್ಷಣಾಧಿಕಾರಿ ಕಚೇರಿಗೆ ಹೋದರೆ ಮೇಡಂ ಅಂಗನವಾಡಿ ಮೊಟ್ಟೆ ಲೆಕ್ಕದ ಮೀಟಿಂಗ್‌ನಲ್ಲಿ. ಅವರನ್ನು ಬೈಯಲ್ಲ, ಇರೋದು ಎರಡೇ ಕೈ. ಆದರೆ ಕೌಟುಂಬಿಕ ಹಿಂಸೆಯ ವರದಿ ಬರೆಯುವ ಫಾರಂ ಯಾವ ಬೀರುವಿನಲ್ಲಿದೆ ಅನ್ನೋದೂ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೌಟುಂಬಿಕ ಹಿಂಸೆಯಿಂದ ಹೆಂಗಸರನ್ನು ಕಾಪಾಡುವ 2005ರ ಕಾಯ್ದೆ ನಿಮಗೆ ನಾನು ಹೇಳಬೇಕಾ? ಅರ್ಜಿ ಕೊಟ್ಟ 3 ದಿನದೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ಮುಗಿಸುವ ಪ್ರಯತ್ನ ಅಂತ ಇದೆ ಅಲ್ವಾ? ವರದಿ ಬರೆಯುವವರೇ ಸಿಗದಿದ್ದರೆ ಯಾವ 3 ದಿನ, ಯಾವ 60 ದಿನ?

ಸರ್ಕಾರದ ಲೆಕ್ಕವೇ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಕಂಡವರು. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 20.6 ಇತ್ತು. ಹಿಂಸೆ ಜಾಸ್ತಿಯಾಯಿತೋ, ಬಾಯಿಬಿಟ್ಟು ಹೇಳುವ ಧೈರ್ಯ ಬಂತೋ, ಎರಡಕ್ಕೂ ಅಧಿಕಾರಿ ಬೇಕೇ ಬೇಕು. ದೇಶದ ಮಟ್ಟದಲ್ಲಿ, ಗಂಡ ಆಗಾಗ ಕುಡಿದು ಬರುವ ಮನೆಗಳಲ್ಲಿ ಶೇ 70ರಷ್ಟು ಹೆಂಗಸರು ಹಿಂಸೆ ಅನುಭವಿಸಿದ್ದಾರೆ. ಕುಡಿಯದ ಗಂಡಂದಿರಿದ್ದಲ್ಲಿ ಶೇ 23. ನಮ್ಮೂರ ಪೆಟ್ಟಿಗೆ ಅಂಗಡಿಯಲ್ಲಿ ಬೆಳಗ್ಗೆ ಆರಕ್ಕೇ ಮದ್ಯದ ಪ್ಯಾಕೆಟ್ ಸಿಗುತ್ತೆ. ಅಂಗನವಾಡಿ ಬಾಗಿಲು ಅದಾದ ಮೇಲೆ ತೆಗೆಯೋದು.

ತಂಗಿ ಈಗ ನನ್ನ ಮನೆಯಲ್ಲಿದ್ದಾಳೆ. ಗಂಡನ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ ಅಂತ ಅದೇ ಕಾಯ್ದೆ ಹೇಳುತ್ತೆ. ಅದನ್ನು ಅವಳಿಗೆ ಕೊಡಿಸುವವರು ಯಾರು? ಅದಕ್ಕೇ ಮತ್ತೆ ಕೇಳುತ್ತಿದ್ದೇನೆ, ಪೂರ್ಣಾವಧಿ ಸಂರಕ್ಷಣಾಧಿಕಾರಿ. ತಾಲ್ಲೂಕಿಗೊಬ್ಬರು.

"ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು" ಅಂತ ಪತ್ರ ಕಳಿಸಬೇಡಿ. ನೇಮಕಾತಿ ಆದೇಶದ ಪ್ರತಿ ಕಳಿಸಿ.

ಇಂತಿ,
ಚಿಕ್ಕಬಳ್ಳಾಪುರ ಜಿಲ್ಲೆಯ ಒಬ್ಬ ಟೈಲರ್