ಕ್ಯಾರವಾನ್‌ಗಿಂತ ಮೊದಲು ಹೊಲಸು ನೀರಿನ ತೊಟ್ಟಿ ಬರಲಿ

ಮಾನ್ಯ ಸಂಪಾದಕರೇ,

ಡಿಸೆಂಬರಿನ ಮತ್ತು ಬೇಸಗೆಯ ರಜೆಗಳಲ್ಲಿ ಕೇರಳ ಗಡಿಯ ತಲಪಾಡಿ ದಾಟಿ ದಕ್ಷಿಣಕ್ಕೆ, ನಮ್ಮ ಕಾಸರಗೋಡು ಜಿಲ್ಲೆಗೆ ಬರುವ ವಾಹನಗಳ ನಡುವೆ ಹಾಸಿಗೆ, ಒಲೆ, ಶೌಚಾಲಯ ಎಲ್ಲವೂ ಒಳಗೇ ಇರುವ ಕ್ಯಾರವಾನ್‌ಗಳೂ ಕಾಣುತ್ತವೆ. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿ ತಂದಿತು. ಬೇಕಲ ಕೋಟೆ ನೋಡಿ, ನೀಲೇಶ್ವರದ ಕೋಟಪ್ಪುರಂ ಜೆಟ್ಟಿಯಲ್ಲಿ ದೋಣಿ ಹತ್ತಿ, ರಾತ್ರಿ ವಲಿಯಪರಂಬದ ಹಿನ್ನೀರಿನ ಬದಿಯಲ್ಲಿ ವಾಹನ ನಿಲ್ಲಿಸಿ ಮಲಗುವುದು ಯಾರಿಗಾದರೂ ಹಿಡಿಸುವ ಪ್ರವಾಸವೇ. ಆದರೆ ದಡದಲ್ಲಿ ಜಾಗ ಗುರುತಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಆ ವಾಹನಗಳ ಹೊಲಸು ನೀರು ಎಲ್ಲಿಗೆ ಹೋಗುತ್ತದೆ?

ಕ್ಯಾರವಾನಿನ ಅಡಿಯಲ್ಲಿ ಸಾಮಾನ್ಯವಾಗಿ ಮೂರು ಟ್ಯಾಂಕ್‌ಗಳಿರುತ್ತವೆ. ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಸ್ನಾನ ಮತ್ತು ಪಾತ್ರೆ ತೊಳೆದ ಬಚ್ಚಲ ನೀರು, ಮೂರನೆಯದರಲ್ಲಿ ಶೌಚದ ನೀರು. ನಾಲ್ಕು ಜನರ ಕುಟುಂಬ ಕೈ ಹಿಡಿದು ಬಳಸಿದರೂ ದಿನಕ್ಕೆ 100 ಲೀಟರಿನಷ್ಟು ಬಚ್ಚಲ ನೀರು, 30ರಿಂದ 40 ಲೀಟರ್ ಶೌಚದ ನೀರು ಆಗುತ್ತದೆ. ಶೌಚದ ಟ್ಯಾಂಕ್ ಎರಡು ಮೂರು ದಿನಕ್ಕೇ ತುಂಬುತ್ತದೆ. ಖಾಲಿ ಮಾಡುವ ಜಾಗ ಇಲ್ಲದಿದ್ದರೆ ಕತ್ತಲಾದ ಮೇಲೆ ಕವಾಟ ತೆರೆಯುವುದು ಚರಂಡಿಗೋ ಹಿನ್ನೀರಿಗೋ.

ಈ ಹಿನ್ನೀರಿಗೆ ಅದು ಸೇರಲೇಬಾರದು. ಪಡನ್ನ, ಚೆರುವತ್ತೂರು, ವಲಿಯಪರಂಬದ ನೂರಾರು ಮನೆಗಳು ಕಲ್ಲುಮ್ಮಕ್ಕಾಯಿ, ಅಂದರೆ ನಮ್ಮ ಕಡೆಯ ಪಚ್ಚಿಲೆ ಎಂಬ ಚಿಪ್ಪುಜೀವಿಯ ಕೃಷಿಯಿಂದ ಬದುಕುತ್ತವೆ. ಮಳೆ ನಿಂತು ನೀರಿಗೆ ಮತ್ತೆ ಉಪ್ಪು ಏರಿದ ಮೇಲೆ, ಸುಮಾರು ನವೆಂಬರ್-ಡಿಸೆಂಬರಿನಲ್ಲಿ, ಮರಿ ಪಚ್ಚಿಲೆಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಹಗ್ಗಕ್ಕೆ ಕಟ್ಟಿ ಬಿದಿರಿನ ಚೌಕಟ್ಟಿನಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆಯುವಷ್ಟರಲ್ಲಿ ಮರಿಗಳು ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಮುಂದಿನ ಮಳೆಯ ಸಿಹಿನೀರು ನುಗ್ಗಿದರೆ ಅವು ಸಾಯುತ್ತವೆ. ಆದ್ದರಿಂದ ಮೇ ಮುಗಿಯುವುದರೊಳಗೆ ಕೊಯ್ಲು. ಪ್ರವಾಸಿಗರು ಮುಗಿಬೀಳುವುದೂ ಇದೇ ತಿಂಗಳುಗಳಲ್ಲಿ. ಪಚ್ಚಿಲೆ ಗಂಟೆಗೆ ಲೀಟರುಗಟ್ಟಲೆ ನೀರನ್ನು ಸೋಸಿ ಆಹಾರ ಹಿಡಿಯುವ ಜೀವಿ. ನೀರಿನಲ್ಲಿರುವ ಮಲದ ಬ್ಯಾಕ್ಟೀರಿಯಾ ಅದರ ದೇಹದಲ್ಲಿ ಒಟ್ಟುಗೂಡುತ್ತದೆ. ಒಂದು ವಾಹನ ಸುರಿದ ಹೊಲಸಿಗೆ ಬೆಲೆ ತೆರುವವರು ಪಚ್ಚಿಲೆ ಬೆಳೆದವರು ಮತ್ತು ತಿಂದವರು.

ದಡದಲ್ಲಿ ಇಂಗುಗುಂಡಿ ತೋಡಿದರೆ ಸಾಕು ಎಂಬ ಮಾತು ಕೇಳಿಬರುವುದುಂಟು. ಅದು ಈ ನೆಲಕ್ಕೆ ಒಗ್ಗುವುದಿಲ್ಲ. ಸಮುದ್ರ ಒಂದು ಬದಿ, ಹಿನ್ನೀರು ಇನ್ನೊಂದು ಬದಿ ಇರುವ ಹೊಯಿಗೆಯ, ಅಂದರೆ ಮರಳಿನ, ಪಟ್ಟಿಯಲ್ಲಿ ಅಂತರ್ಜಲ ಕೈಗೆಟಕುವಷ್ಟು ಮೇಲಿದೆ. ಉಪ್ಪುನೀರಿನ ಮೇಲೆ ತೇಲುವ ತೆಳ್ಳನೆಯ ಸಿಹಿನೀರಿನ ಪದರವೇ ಅಲ್ಲಿನ ಬಾವಿಗಳ ಆಸರೆ. ಹೊಯಿಗೆ ನೀರನ್ನು ತಡೆಯದೆ ಬಿಡುತ್ತದೆ. ಗುಂಡಿಗೆ ಇಳಿದದ್ದು ನೇರ ಬಾವಿಗೆ ಸೇರುತ್ತದೆ. ಅಲ್ಲಿ ಬೇಕಾದುದು ಸೋರದ, ಮುಚ್ಚಿದ ಸಂಗ್ರಹ ತೊಟ್ಟಿ, ಅದನ್ನು ಹೀರಿ ಶುದ್ಧೀಕರಣ ಘಟಕಕ್ಕೆ ಒಯ್ಯುವ ಟ್ಯಾಂಕರ್. ಲೆಕ್ಕ ಸರಳ: ಐದು ಕ್ಯಾರವಾನ್‌ಗಳಿಂದ ದಿನಕ್ಕೆ ಸುಮಾರು 700 ಲೀಟರ್. 5,000 ಲೀಟರಿನ ತೊಟ್ಟಿ ಒಂದು ವಾರಕ್ಕೆ ತುಂಬುತ್ತದೆ. ಅದು ತುಂಬುವ ಮೊದಲೇ, ಐದು ದಿನಕ್ಕೊಮ್ಮೆ, ಟ್ಯಾಂಕರ್ ಬರಲೇಬೇಕು. ಆ ಒಪ್ಪಂದ ಮೊದಲೇ ಆಗಿರದಿದ್ದರೆ ತೊಟ್ಟಿ ಕಟ್ಟಿಯೂ ಪ್ರಯೋಜನವಿಲ್ಲ.

ತೊಟ್ಟಿಯ ಮೇಲೆ ಮೂರು ಮೀಟರ್ ಚೌಕದ ಕಾಂಕ್ರೀಟ್ ಹಾಸು ಬೇಕು. ಅದು ನಡುವಿನ ಮುಚ್ಚಳವಿರುವ ತೂತಿನ ಕಡೆಗೆ ಇಳಿಜಾರಾಗಿರಬೇಕು. ಚೆಲ್ಲಿದ್ದು ಹೊರಗೆ ಹರಿಯಬಾರದು. ಕೊಳವೆ ತೊಳೆಯುವ ನಳ್ಳಿಯೂ ಕುಡಿಯುವ ನೀರಿನ ನಳ್ಳಿಯೂ ಒಂದೇ ಕಡೆ ಇರಕೂಡದು. ಎರಡೂ ಅಕ್ಕಪಕ್ಕ ಇದ್ದಲ್ಲಿ ಶೌಚದ ಕೊಳವೆ ತೊಳೆದ ಕೈಯಲ್ಲೇ ಕುಡಿಯುವ ನೀರು ತುಂಬಿಸಿಕೊಳ್ಳುತ್ತಾರೆ. ಇದೇ ತೊಟ್ಟಿಯನ್ನು ಹೌಸ್‌ಬೋಟ್‌ಗಳೂ ಬಳಸುವಂತೆ ಜೆಟ್ಟಿಯ ಹತ್ತಿರವೇ, ಪಂಪ್ ಸಹಿತ ಕಟ್ಟಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ.

ಕ್ಯಾರವಾನ್ ತರುವವರೂ ಕೆಲವು ವಿಷಯ ತಿಳಿದಿರಬೇಕು. ಶೌಚದ ಟ್ಯಾಂಕಿನ ಕವಾಟವನ್ನು ಸದಾ ತೆರೆದಿಡಬಾರದು. ಹಾಗೆ ಮಾಡಿದರೆ ದ್ರವ ಹರಿದು ಹೋಗಿ ಗಟ್ಟಿಯದ್ದು ಒಳಗೇ ರಾಶಿಬಿದ್ದು ಒಣಗುತ್ತದೆ. ಆಮೇಲೆ ಯಾವ ನೀರಿಗೂ ಜಗ್ಗುವುದಿಲ್ಲ. ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು. ಮೊದಲು ಶೌಚದ್ದು, ಆಮೇಲೆ ಬಚ್ಚಲಿನದ್ದು. ಸಾಬೂನಿನ ನೀರೇ ಕೊಳವೆಯನ್ನು ತೊಳೆದುಕೊಡುತ್ತದೆ. ವಾಸನೆಗೆಂದು ಫಾರ್ಮಾಲ್ಡಿಹೈಡ್ ಇರುವ ದ್ರಾವಣ ಸುರಿಯುವುದು ಬೇಡ. ಅದು ಶುದ್ಧೀಕರಣ ಘಟಕದಲ್ಲಿ ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಕಿಣ್ವ ಆಧಾರಿತ ದ್ರಾವಣ ಸಿಗುತ್ತದೆ, ಅದನ್ನೇ ಬಳಸಿ.

ನಿಲ್ಲಿಸುವ ಜಾಗದ ವಿಷಯ. ಇಳಿತದ ಹೊತ್ತಿಗೆ ಗಟ್ಟಿಯಾಗಿ ಕಾಣುವ ಹೊಯಿಗೆ ಆರು ಗಂಟೆ ಕಳೆದರೆ ನೀರೊಳಗಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರ ಇನ್ನೂ ಮೇಲೆ. ದಡದಲ್ಲಿ ಒಣ ಕಸ ಮತ್ತು ಚಿಪ್ಪುಗಳ ಗೆರೆ ಎಲ್ಲಿದೆ ನೋಡಿ, ಅದಕ್ಕಿಂತ ಸಾಕಷ್ಟು ಮೇಲೆ ನಿಲ್ಲಿಸಬೇಕು. ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಿದಷ್ಟೂ ಆಳಕ್ಕೆ ಇಳಿಯುತ್ತದೆ. ಟಯರಿನ ಗಾಳಿ ಇಳಿಸಿ, ಚಕ್ರದ ಮುಂದಿನ ಹೊಯಿಗೆ ಬಗೆದು, ತೆಂಗಿನ ಮಡಲು ಹಾಸಿ ನಿಧಾನಕ್ಕೆ ಹೊರತರಬೇಕು. ಹೆದ್ದಾರಿಗೆ ಏರುವ ಮೊದಲು ಗಾಳಿ ಮತ್ತೆ ತುಂಬಿಸಬೇಕು. ನೆರಳಿದೆ ಎಂದು ತೆಂಗಿನ ಮರದ ಬುಡದಲ್ಲಿ ಮಾತ್ರ ನಿಲ್ಲಿಸಬೇಡಿ. ಬೀಳುವ ಕಾಯಿಗೆ ಸೋಲಾರ್ ಪ್ಯಾನೆಲ್ ಆಗಲಿ ಫೈಬರಿನ ಚಾವಣಿ ಆಗಲಿ ತಡೆಯುವುದಿಲ್ಲ.

ವಿದ್ಯುತ್ತಿಗೆ ಪ್ರತಿ ವಾಹನಕ್ಕೂ 16 ಆಂಪಿಯರಿನ ಸಾಕೆಟ್, 30 ಮಿಲಿಆಂಪಿಯರ್ ಸೋರಿದರೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಕಡ್ಡಾಯವಾಗಬೇಕು. ಒಣ ಹೊಯಿಗೆಯಲ್ಲಿ ಅರ್ಥಿಂಗ್ ಸರಿಯಾಗಿ ಹಿಡಿಯುವುದಿಲ್ಲ, ಬೇಸಗೆಯಲ್ಲಿ ಅದನ್ನು ಅಳೆದು ನೋಡಬೇಕು. ಸುರುಳಿಯಲ್ಲೇ ಬಿಟ್ಟ ಕೇಬಲ್ ಬಿಸಿಯಾಗಿ ಕರಗುತ್ತದೆ. ಪೂರ್ತಿ ಬಿಚ್ಚಿಯೇ ಬಳಸಬೇಕು.

ಇನ್ನು ದೋಣಿ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಮಂದಿ, 2023ರ ಮೇ 7ರಂದು ತಾನೂರಿನಲ್ಲಿ 22 ಮಂದಿ ಪ್ರವಾಸಿ ದೋಣಿ ಮಗುಚಿ ಸತ್ತರು. ಎರಡನ್ನೂ ನೆನಪಿಟ್ಟುಕೊಂಡೇ ಹತ್ತಬೇಕು. ನೋಂದಣಿ ಸಂಖ್ಯೆ, ಎಷ್ಟು ಜನ ಹತ್ತಬಹುದು ಎಂಬ ಸಂಖ್ಯೆ ದೋಣಿಯ ಮೇಲೆ ಬರೆದಿರದಿದ್ದರೆ ಹತ್ತಬೇಡಿ. ಮಾಳಿಗೆಯಿರುವ ದೋಣಿಯಲ್ಲಿ ಎಲ್ಲರೂ ಮೇಲೇರಿ ಫೋಟೋಕ್ಕೆಂದು ಒಂದೇ ಬದಿಗೆ ಸರಿದರೆ ಭಾರದ ಕೇಂದ್ರ ಮೇಲಕ್ಕೂ ಬದಿಗೂ ಹೋಗುತ್ತದೆ; ನೀರು ಎಷ್ಟೇ ಶಾಂತವಾಗಿದ್ದರೂ ಮಗುಚಲು ಅಷ್ಟು ಸಾಕು. ಲೈಫ್ ಜಾಕೆಟ್ ಸೀಟಿನಡಿ ಇದ್ದರೆ ಇಲ್ಲದಂತೆಯೇ. ಮಕ್ಕಳಿಗೆ ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ಆ ಮಗುವಿನ ಅಳತೆಯದ್ದಲ್ಲ.

ಸ್ವಂತ ಕಯಾಕ್ ಅಥವಾ ಔಟ್‌ಬೋರ್ಡ್ ಎಂಜಿನಿನ ಸಣ್ಣ ದೋಣಿ ತರುವವರು ಉಬ್ಬರ-ಇಳಿತದ ಸಮಯ ನೋಡಿಯೇ ಇಳಿಯಲಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಳಿತದಲ್ಲಿ ಹಿನ್ನೀರು ಸಮುದ್ರ ಸೇರುವ ಅಳಿವೆಯ ಕಡೆಗೆ ಸೆಳೆತ ಜೋರು, ಅಲ್ಲಿಂದ ಹಿಂದಕ್ಕೆ ಹುಟ್ಟು ಹಾಕಿ ಬರುವುದು ಕಷ್ಟ. ಪಚ್ಚಿಲೆಯ ಚೌಕಟ್ಟುಗಳಿಂದ ದೂರ ಇರಿ. ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಮೇಲೆತ್ತಿ, ತಿರುಗಿದ ದಿಕ್ಕಿಗೆ ವಿರುದ್ಧವಾಗಿ ಕೈಯಲ್ಲೇ ಬಿಡಿಸಬೇಕು. ಕತ್ತಿಯಿಂದ ಕಡಿದರೆ ಒಬ್ಬರ ಬೆಳೆ ತಳ ಸೇರುತ್ತದೆ. ಇಂಥ ಹೊತ್ತಿಗೆ ಸಣ್ಣ ಎಂಜಿನಿನ ಪ್ರೊಪೆಲ್ಲರನ್ನು ಹಿಡಿದಿಡುವ ಶಿಯರ್ ಪಿನ್ ಮುರಿಯುವುದೂ ಸಾಮಾನ್ಯ; ಎರಡು ಹೆಚ್ಚುವರಿ ಪಿನ್ ಇರಲಿ. ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ಹತ್ತು ನಿಮಿಷ ಎಂಜಿನ್ ಓಡಿಸದಿದ್ದರೆ ಉಪ್ಪು ಕಟ್ಟಿ ತಂಪಿನ ನಾಳ ಮುಚ್ಚಿಹೋಗುತ್ತದೆ.

ಜೆಟ್ಟಿಗಳಲ್ಲಿ ಮಿತಿ, ಉಬ್ಬರದ ಸಮಯ, ಜಾಕೆಟಿನ ನಿಯಮಗಳನ್ನು ಮಲಯಾಳದ ಜತೆಗೆ ಕನ್ನಡದಲ್ಲೂ ಬರೆಯಿಸಬೇಕು. ಮಂಜೇಶ್ವರ, ಕುಂಬಳೆ, ಮಂಗಳೂರಿನ ಕಡೆಯಿಂದ ಬರುವ ಅಜ್ಜ ಅಜ್ಜಿಯರು, ಶಾಲಾ ಮಕ್ಕಳು ಓದುವುದು ಅದನ್ನೇ.

ಜಿಲ್ಲಾ ಪ್ರವಾಸೋದ್ಯಮ ಅಧಿಕಾರಿಗಳಲ್ಲಿ ಮತ್ತು ಹಿನ್ನೀರಿನ ಬದಿಯ ಪಂಚಾಯತುಗಳಲ್ಲಿ ಕೋರಿಕೆ ಇಷ್ಟೇ: ಬರುವ ನವೆಂಬರಿನಲ್ಲಿ ಪಚ್ಚಿಲೆಯ ಹಗ್ಗ ನೀರಿಗಿಳಿಯುವ ಮೊದಲು ಜೆಟ್ಟಿಯ ಬಳಿ ಒಂದು ಮುಚ್ಚಿದ ತೊಟ್ಟಿ ಕಟ್ಟಿಸಿ, ಟ್ಯಾಂಕರ್ ಗೊತ್ತುಮಾಡಿ. ಅಲ್ಲಿಯವರೆಗೆ ದಡದಲ್ಲಿ ರಾತ್ರಿ ತಂಗಲು ಯಾವ ಕ್ಯಾರವಾನಿಗೂ ಅನುಮತಿ ಕೊಡಬೇಡಿ.

ಇತಿ,
ಓದುಗ, ಕುಂಬಳೆ