ತೋಟಗಾರ ಕಟ್ಟಿದ ಗಾಜಿನ ಅರಮನೆ

ಪ್ರೀತಿಯ ಗೆಳೆಯ,

ಲಂಡನ್ನಿನಲ್ಲಿ ನೀನಿರುವ ಊರಿಗೆಲ್ಲ ಕ್ರಿಸ್ಟಲ್ ಪ್ಯಾಲೇಸ್ ಅಂತ ಹೆಸರು, ಆದರೆ ಪ್ಯಾಲೇಸೇ ಕಾಣಲ್ವಲ್ಲ ಅಂತ ನೀನು ಕೇಳಿದ್ದೆ. ಇತ್ತು ಕಣೋ. ಮೊದಲು ನೀನಿರುವ ಸಿಡೆನ್‌ಹ್ಯಾಮ್ ಕಡೆ ಅಲ್ಲ, ಹೈಡ್ ಪಾರ್ಕಿನಲ್ಲಿ.

1851ರ ಮಹಾ ವಸ್ತುಪ್ರದರ್ಶನಕ್ಕೆ ಕಟ್ಟಡ ಬೇಕಿತ್ತು. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಇದರ ಮುಂದಾಳು. 240ಕ್ಕೂ ಹೆಚ್ಚು ನಕ್ಷೆಗಳು ಬಂದರೂ ಒಂದೂ ಹಿಡಿಸಲಿಲ್ಲ. ಸಮಿತಿಯೇ ಒಂದು ಭಾರಿ ಇಟ್ಟಿಗೆ ಕಟ್ಟಡದ ನಕ್ಷೆ ತಂದಾಗ, ಪಾರ್ಕು ಹಾಳಾಗುತ್ತದೆ ಅಂತ ಜನ ಗಲಾಟೆ ಎಬ್ಬಿಸಿದರು.

ಆಗ ಬಂದವನು ಜೋಸೆಫ್ ಪ್ಯಾಕ್ಸ್‌ಟನ್. ಆರ್ಕಿಟೆಕ್ಟ್ ಅಲ್ಲ, ಚಾಟ್ಸ್‌ವರ್ತ್ ಎಸ್ಟೇಟಿನ ತೋಟಗಾರ! 1850ರ ಜೂನಿನಲ್ಲಿ ರೈಲ್ವೆ ಮೀಟಿಂಗಿನಲ್ಲಿ ಕೂತು ಬ್ಲಾಟಿಂಗ್ ಪೇಪರಿನ ಮೇಲೆ ನಕ್ಷೆ ಗೀಚಿದ. ಆ ಹಾಳೆ ಈಗಲೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನವರ ಬಳಿ ಇದೆ. ಅಮೆಜಾನಿನ ದೈತ್ಯ ನೈದಿಲೆಯನ್ನು ಅವನು ಗಾಜಿನ ಮನೆಯಲ್ಲಿ ಬೆಳೆಸಿ ಹೂ ಬಿಡಿಸಿದ್ದ. ಪುಟ್ಟ ಮಗಳನ್ನು ಅದರ ಎಲೆಯ ಮೇಲೆ ನಿಲ್ಲಿಸಿದರೂ ಎಲೆ ಮುಳುಗಲಿಲ್ಲ. ಎಲೆಯ ಅಡಿಯಲ್ಲಿ ಹರಡಿದ್ದ ನರಗಳೇ ಗಾಜಿನ ಛಾವಣಿ ಕಟ್ಟಲು ಅವನಿಗೆ ಪಾಠ ಆದವು.

ನನಗೆ ಜಾಸ್ತಿ ಇಷ್ಟವಾಗುವುದು ಕಟ್ಟಿದ ರೀತಿ. ಕಂಬ, ತೊಲೆ, ಗಾಜು ಎಲ್ಲ ಒಂದೇ ಅಳತೆಯವು. ಬೇರೆ ಕಡೆ ಮಾಡಿಸಿ ತಂದು ಜೋಡಿಸುವುದಷ್ಟೇ ಕೆಲಸ. ಸುಮಾರು 3 ಲಕ್ಷ ಗಾಜಿನ ಹಲಗೆಗಳು. ಕಬ್ಬಿಣದ ಕಂಬಗಳು ಟೊಳ್ಳು, ಮಳೆನೀರು ಅವುಗಳೊಳಗಿಂದಲೇ ಕೆಳಗಿಳಿಯುತ್ತಿತ್ತು. ಅಲ್ಲಿದ್ದ ಎತ್ತರದ ಎಲ್ಮ್ ಮರಗಳನ್ನು ಕಡಿಯಲಿಲ್ಲ, ಅವುಗಳ ಮೇಲೆಯೇ ಕಮಾನು ಎತ್ತಿದರು. ಒಂಬತ್ತು ತಿಂಗಳಲ್ಲಿ ಎಲ್ಲ ಮುಗಿಯಿತು. ನಮ್ಮಲ್ಲಿ ಒಂದು ಫ್ಲೈಓವರ್‌ಗೆ ಎಷ್ಟು ದಿನ ಹಿಡಿಯುತ್ತದೆ ಅಂತ ಸುಮ್ನೆ ನೆನಪಿಸಿಕೋ.

ಐದೂವರೆ ತಿಂಗಳಲ್ಲಿ 60 ಲಕ್ಷ ಭೇಟಿಗಳು! ಕೊಹಿನೂರ್ ನೋಡಲು ನೂಕುನುಗ್ಗಲು, ನೋಡಿದವರಿಗೆ ಇಷ್ಟೇನಾ ಅನ್ನಿಸಿತಂತೆ. ಭಾರತದ ವಿಭಾಗದಲ್ಲಿ ಅಂಬಾರಿ ಇತ್ತು, ಹೊರಲು ಆನೆ ಇರಲಿಲ್ಲ. ಎಸೆಕ್ಸ್‌ನ ಮ್ಯೂಸಿಯಂ ಒಂದರಿಂದ ಚರ್ಮಕ್ಕೆ ಹುಲ್ಲು ತುಂಬಿದ ಆನೆ ತಂದರು. ಅದು ಆಫ್ರಿಕಾದ ಆನೆ! ಬಂದ ಲಾಭದಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಜಾಗ ಕೊಂಡರು, ಅಲ್ಲಿನ ದೊಡ್ಡ ಮ್ಯೂಸಿಯಮ್ಮುಗಳಿಗೆಲ್ಲ ಅದೇ ಬುನಾದಿ.

ಜೋಡಿಸಿದ್ದನ್ನು ಬಿಚ್ಚಬಹುದು, ಅಲ್ವಾ? ಬಿಚ್ಚಿ, ಇನ್ನಷ್ಟು ದೊಡ್ಡದು ಮಾಡಿ, 1854ರಲ್ಲಿ ಸಿಡೆನ್‌ಹ್ಯಾಮ್ ಗುಡ್ಡದ ಮೇಲೆ ನಿಲ್ಲಿಸಿದರು. ಅಲ್ಲಿ ಸಾಲ ಬೆನ್ನು ಬಿಡಲಿಲ್ಲ. ಕೂಲಿಯವರಿಗೆ ಬಿಡುವಿದ್ದದ್ದು ಭಾನುವಾರ, ಧರ್ಮದ ಹೆಸರಿನಲ್ಲಿ ಮೊದಮೊದಲು ಅಂದೇ ಬಾಗಿಲು ಹಾಕುತ್ತಿದ್ದರು. ಇದು ಶುದ್ಧ ಪೆದ್ದುತನ. 1911ರಲ್ಲಿ ದಿವಾಳಿಯಾಗಿ, ಕೊನೆಗೆ ಸಾರ್ವಜನಿಕರ ಪಾಲಾಯಿತು.

1936ರ ನವೆಂಬರ್ 30ರ ರಾತ್ರಿ ಬೆಂಕಿ ಬಿತ್ತು. ಗಾಜು, ಕಬ್ಬಿಣ ಉರಿಯುತ್ತಾ ಅಂತೀಯಾ? ನೆಲವೆಲ್ಲ ಒಣಗಿದ ಹಳೇ ಮರ. ಬೆಳಗಾಗುವಷ್ಟರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ ಇದೇ ಮಾದರಿ. ಅದಕ್ಕೆ ಶಂಕುಸ್ಥಾಪನೆ ಆದದ್ದೂ ನವೆಂಬರ್ 30ರಂದೇ, 1889ರಲ್ಲಿ. ಕಲ್ಲಿಟ್ಟವನು ಆಲ್ಬರ್ಟನ ಮೊಮ್ಮಗ ಆಲ್ಬರ್ಟ್ ವಿಕ್ಟರ್. ನಾವು ಫಲಪುಷ್ಪ ಪ್ರದರ್ಶನಕ್ಕೆ ಹೋಗುತ್ತಿದ್ದೆವಲ್ಲ, ಅದೇ.

ನಿನ್ನ ಪಾರ್ಕಿನಲ್ಲಿ ಆ ಅರಮನೆಯ ಮೆಟ್ಟಿಲುಗಳ ಜೊತೆ 1854ರ ಡೈನೋಸಾರ್ ಬೊಂಬೆಗಳೂ ಉಳಿದಿವೆ. ಇಗ್ವಾನೊಡಾನ್ ಹುಡುಕು. ಹೆಬ್ಬೆರಳಿನ ಮುಳ್ಳನ್ನು ಕೊಂಬು ಅಂದುಕೊಂಡು ಮೂಗಿನ ಮೇಲೆ ಕೂರಿಸಿದ್ದಾರೆ. ಒಂದು ಫೋಟೋ ಕಳಿಸು.

ನಿನ್ನ,
ಗೆಳೆಯ