ಗ್ರ್ಯಾಂಡ್ ಪ್ಯಾಲೇಸ್ 'ತೋರಿಸಿದ' ಪ್ರವಾಸ ಸಂಸ್ಥೆಗೆ ಒಂದು ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ಪ್ರವಾಸದ ಕೊನೆಯ ದಿನ ಬ್ಯಾಂಕಾಕಿನ ಅರಮನೆ ತೋರಿಸದೆ, ತೋರಿಸಿದ್ದಾಗಿ ದಾಖಲೆ ಬರೆದುಕೊಂಡಿರುವ ಬಗ್ಗೆ

ಮಾನ್ಯರೇ,

ಫೋನಿನಲ್ಲಿ ಹೇಳುವಷ್ಟು ಹೇಳಿದ್ದಾಯಿತು. ನಿಮ್ಮ ಕಚೇರಿಯ ಹೆಣ್ಣುಮಗಳು ಪ್ರತಿ ಸಲವೂ 'ನೋಟ್ ಮಾಡ್ಕೊಂಡಿದೀನಿ ಸಾರ್' ಎಂದು ಸೌಜನ್ಯದಿಂದಲೇ ಕೇಳಿಸಿಕೊಂಡರು. ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ನಿನ್ನೆ ನಿಮ್ಮಿಂದ ಬಂದ ಇ-ಮೇಲ್‌ನಲ್ಲಿ 'ನಮ್ಮ ದಾಖಲೆಯ ಪ್ರಕಾರ ಗ್ರ್ಯಾಂಡ್ ಪ್ಯಾಲೇಸ್ ವೀಕ್ಷಣೆ ಪೂರ್ಣಗೊಂಡಿದೆ' ಎಂದಿದೆ. ಅದರ ಕೆಳಗೇ, ಮುಂದಿನ ಪ್ರವಾಸಕ್ಕೆ ಎರಡು ಸಾವಿರ ರೂಪಾಯಿಯ ಕೂಪನ್. ಹಾಗಾಗಿ ಈ ಪತ್ರ.

ಆ ದಿನ ಏನೇನು ನೋಡಬೇಕಿತ್ತೆಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಗ್ರ್ಯಾಂಡ್ ಪ್ಯಾಲೇಸ್, ಅದರ ಆವರಣದ ಪಚ್ಚೆ ಬುದ್ಧನ ಗುಡಿ, ವಾಟ್ ಫೋ ದೇವಾಲಯದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧ, ನದಿಯಾಚೆಯ ವಾಟ್ ಅರುಣ್ ದೇವಾಲಯ. ಪ್ರವೇಶ ಶುಲ್ಕ ಸೇರಿದೆ. ಸಂಜೆ ಸುವರ್ಣಭೂಮಿ ವಿಮಾನ ನಿಲ್ದಾಣಕ್ಕೆ ಬಿಡಲಾಗುವುದು. ನಿಯಮಗಳ ಪುಟದಲ್ಲಿ 'ಶಾಪಿಂಗ್ ಪ್ರವಾಸಿಗರ ಇಚ್ಛೆಗೆ ಬಿಟ್ಟದ್ದು' ಎಂದೂ ಇದೆ. ನಿಮ್ಮ ನಿಯಮವನ್ನು ನೀವು ಓದಿರುತ್ತೀರಿ ಎಂದುಕೊಂಡೇ ಮುಂದುವರಿಯುತ್ತೇನೆ.

ಗುಂಪಿನ ಉಳಿದವರು ಬೆಂಗಳೂರಿಗೆ ಮರಳುವವರು. ನಾನು, ಹೆಂಡತಿ, ಮಗ, ಸೊಸೆ, ನನ್ನ ತಾಯಿ ಅದೇ ರಾತ್ರಿ ಸಿಡ್ನಿಗೆ, ಮಗಳ ಮನೆಗೆ ಹೊರಟವರು. ಬೆಳಿಗ್ಗೆಯೇ ನಿಮ್ಮ ಟೂರ್ ಮ್ಯಾನೇಜರ್ 'ಅರಮನೆಗೆ ಚಡ್ಡಿ, ತೋಳಿಲ್ಲದ ಬಟ್ಟೆ ನಡೆಯೋಲ್ಲ' ಎಂದು ಮೆಸೇಜ್ ಕಳಿಸಿದ್ದರಿಂದ ಮಗ ಆ ಸೆಕೆಯಲ್ಲೂ ಜೀನ್ಸ್ ತೊಟ್ಟು ಬಂದಿದ್ದ. ಬಸ್ಸು ಮಾತ್ರ ಹೋಗಿ ನಿಂತದ್ದು ಹರಳಿನ ಅಂಗಡಿಯ ಮುಂದೆ. 'ಹತ್ತು ನಿಮಿಷ, ಟಾಯ್ಲೆಟ್ ಬ್ರೇಕ್' ಎಂದರು.

ಒಳಗೆ ಕಾಲಿಡುತ್ತಲೇ ಅಂಗಿಗೆ ನಂಬರಿನ ಸ್ಟಿಕ್ಕರ್ ಅಂಟಿಸಿದರು. ಗಣಿಯಿಂದ ಕಲ್ಲು ತೆಗೆಯುವ ವಿಡಿಯೊ, ಒಂದು ಲೋಟ ಜ್ಯೂಸ್, ಆಮೇಲೆ ತುದಿ ಕಾಣದ ಹಾಲ್. ನಮ್ಮ ಪಾಲಿಗೆ ಬಂದ ಹುಡುಗಿ ಹಿಂದಿಯಲ್ಲಿ ಶುರುಮಾಡಿದಳು. ತಾಯಿ 'ನೀಲ ನನ್ನ ರಾಶಿಗೆ ಆಗಿಬರಲ್ಲ ಕಣಮ್ಮ' ಎಂದು ಕನ್ನಡದಲ್ಲೇ ತಳ್ಳಿಹಾಕಿದರು. ಆಕೆ ನಕ್ಕು ಮಾಣಿಕ್ಯದ ಟ್ರೇ ತಂದಳು. ಬಹಳ ಹೊತ್ತಾದ ಮೇಲೆ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ ನಿಮ್ಮ ಮ್ಯಾನೇಜರ್ ಹತ್ತಿರ ಹೋದೆ.

'ಹೊರಡೋಣ್ವೇನಪ್ಪ? ಅರಮನೆಗೆ ಹೊತ್ತಾಯ್ತು.'

'ಕೂತ್ಕೊಳಿ ಅಂಕಲ್, ಎಲ್ರೂ ಪರ್ಚೇಸ್ ಮಾಡ್ತಿದಾರೆ.'

'ನಮಗೇನೂ ಬೇಡ.'

ಆತ ನನ್ನ ಸ್ಟಿಕ್ಕರ್ ನೋಡಿದ, ಕೈಲಿದ್ದ ಹಾಳೆ ನೋಡಿದ. 'ಹೌದು, ನಿಮ್ಮ ಫ್ಯಾಮಿಲಿಯಿಂದ ಒಂದೂ ಬಿಲ್ ಆಗಿಲ್ಲ.'

'ಬಿಲ್ ಆಗಲೇಬೇಕು ಅಂತ ಇದೆಯಾ?'

'ಹಾಗಲ್ಲ ಅಂಕಲ್. ಫಾರಿನ್ನಿಗೆ ಬರೋರು ಸ್ವಲ್ಪ ಕೈ ಬಿಚ್ಚಬೇಕು. ಇಷ್ಟು ವರ್ಷ ಬೇಯಿಸಿ ಹಾಕಿದಾರೆ, ಆಂಟಿಗೆ ಒಂದು ಉಂಗುರ ಕೊಡಿಸೋಕೂ ಯೋಚನೇನಾ?'

ಇದನ್ನು ಮೆಲ್ಲಗೆ ಹೇಳಲಿಲ್ಲ. ಬಿಲ್ಲಿಂಗ್ ಸಾಲಿನಲ್ಲಿದ್ದ ನಮ್ಮ ಬಸ್ಸಿನವರು ತಿರುಗಿ ನೋಡಿದರು, ಒಬ್ಬರು ನಕ್ಕೇಬಿಟ್ಟರು. ನನ್ನ ಹೆಂಡತಿ ಸೆರಗು ಎಳೆದುಕೊಂಡು ಬರಿಗೈಯನ್ನು ಅದರೊಳಗೆ ಮುಚ್ಚಿಕೊಂಡಳು. ನಾನು ಬ್ಯಾಂಕಿನಲ್ಲಿದ್ದವನು. ಸಾಲ ವಸೂಲಿಗೆ ಹೋದಾಗಲೂ ಯಾರ ಹೆಂಡತಿಯ ಎದುರೂ ಈ ದನಿಯಲ್ಲಿ ಮಾತಾಡಿದವನಲ್ಲ.

'ಅರಮನೆ ಕಥೆ ಏನಪ್ಪ?' ಎಂದೆ. 'ಅದು ಇವತ್ತು ಕ್ಲೋಸ್ ಅಂಕಲ್, ರಾಜರ ಫಂಕ್ಷನ್.' ಬೆಳಿಗ್ಗೆ ಬಟ್ಟೆಯ ಮೆಸೇಜ್ ಕಳಿಸಿದಾಗ ರಾಜರು ಇನ್ನೂ ತೀರ್ಮಾನ ಮಾಡಿರಲಿಲ್ಲವೇನೋ.

ಬ್ಯಾಂಕಾಕ್ ನೋಡಿಬಂದ ಯಾರನ್ನಾದರೂ ಕೇಳಿ. 'ಅರಮನೆ ಇವತ್ತು ಬಂದ್' ಎಂದು ನಂಬಿಸಿ ಪ್ರವಾಸಿಗರನ್ನು ಹರಳಿನ ಅಂಗಡಿಗೆ ಸಾಗಿಸುವುದು ಅಲ್ಲಿನ ಕೆಲವು ಟುಕ್‌ಟುಕ್‌ನವರ ಹಳೆಯ ಕಸುಬು. ನೀವು ಅದೇ ಸೇವೆಯನ್ನು ಎಸಿ ಬಸ್ಸಿನಲ್ಲಿ, ಜಿಎಸ್‌ಟಿ, ಟಿಸಿಎಸ್ ತೆರಿಗೆಗಳನ್ನೆಲ್ಲ ಮುಂಗಡ ಕಟ್ಟಿಸಿಕೊಂಡು ಒದಗಿಸಿದ್ದೀರಿ. ಪ್ರಗತಿ ಎಂದರೆ ಇದು.

ಊಟ, ಅದಾದ ಮೇಲೆ ಚರ್ಮದ ಚೀಲಗಳ ಇನ್ನೊಂದು ಅಂಗಡಿ. ನಾಲ್ಕಕ್ಕೆ ಸ್ವಲ್ಪ ಮುಂಚೆ ಅರಮನೆಯ ಬಿಳಿ ಗೋಡೆಯ ಪಕ್ಕ ಬಸ್ಸು ನಿಂತಿತು. ಗೇಟಿನಿಂದ ಜನ ಸಾಲುಸಾಲಾಗಿ ಹೊರಬರುತ್ತಿದ್ದರು, ಕೈಯಲ್ಲಿ ಟಿಕೆಟು! ಪ್ರತಿದಿನ 8.30ರಿಂದ 3.30ರವರೆಗೆ ತೆರೆದಿರುತ್ತದೆ ಎಂಬ ಫಲಕವನ್ನು ಮಗ ಗಟ್ಟಿಯಾಗಿ ಓದಿದ. ನಿಮ್ಮ ಮ್ಯಾನೇಜರ್ ಆಗ ಫೋನಿನಲ್ಲಿದ್ದ.

ಪಚ್ಚೆ ಬುದ್ಧನ ಗುಡಿಯ ಸುತ್ತಿನ ಮೊಗಸಾಲೆಯಲ್ಲಿ ರಾಮಕಿಯೆನ್, ಅಂದರೆ ಥಾಯ್ ಜನರ ರಾಮಾಯಣ, 178 ಭಿತ್ತಿಚಿತ್ರಗಳಲ್ಲಿದೆ. ತಾಯಿ ಬಂದದ್ದೇ ಅದಕ್ಕೆ. ಮಂಡಿನೋವಿಗೆ ಎಣ್ಣೆ ತಿಕ್ಕಿಕೊಂಡು, ಲಂಕೆ ಎಲ್ಲಿ ಬರುತ್ತೆ, ಅಲ್ಲಿಯ ಹನುಮಂತ ಬ್ರಹ್ಮಚಾರಿಯಲ್ಲವಂತೆ ನಿಜವೇ ಎಂದು ಹಿಂದಿನ ರಾತ್ರಿಯಿಡೀ ಮೊಮ್ಮಗನ ತಲೆ ತಿಂದಿದ್ದರು. ಈ ವಯಸ್ಸಿನಲ್ಲಿ ಅವರನ್ನು ಮತ್ತೆ ಅಲ್ಲಿಗೆ ಕರೆದೊಯ್ಯಲು ನಿಮ್ಮ ಕೂಪನ್ ಎಷ್ಟು ದೂರ ಬರುತ್ತದೆ, ಲೆಕ್ಕ ಹಾಕಿ ತಿಳಿಸಿ.

ವಾಟ್ ಫೋ 'ಟೈಮಿಲ್ಲ'. ವಾಟ್ ಅರುಣ್‌ಗೆ ನದಿಯ ಈಚೆ ದಡದಿಂದಲೇ ಕೈತೋರಿಸಿ 'ಫೋಟೊ ತಗೊಳಿ' ಎಂದರು. ಕೊನೆಗೆ ವಿಮಾನ ನಿಲ್ದಾಣದೊಳಗಿನ ಸಮುದ್ರಮಥನದ ದೊಡ್ಡ ಶಿಲ್ಪದ ಮುಂದೆ ತಾಯಿ ಕೈಮುಗಿದು ನಿಂತರು. ಅದು ನಿಮ್ಮ ಪ್ಯಾಕೇಜಿನಲ್ಲಿರಲಿಲ್ಲ, ಆದ್ದರಿಂದ ನೋಡಲು ಸಿಕ್ಕಿತು.

ಈಗ ಲೆಕ್ಕಕ್ಕೆ ಬರೋಣ. ಅರಮನೆಯ ಪ್ರವೇಶ ಶುಲ್ಕ ತಲಾ 500 ಬಾತ್, ಐವರಿಗೆ 2,500. ನಾವು ಒಳಗೆ ಹೋಗಿಲ್ಲ, ನೀವು ವಾಪಸು ಕೊಟ್ಟಿಲ್ಲ. ಆ ದುಡ್ಡು ಯಾರ ಜೇಬಿನಲ್ಲಿದೆ? ವೀಕ್ಷಣೆ 'ಪೂರ್ಣಗೊಂಡಿದೆ' ಎಂದಾದರೆ ನಮ್ಮ ಟಿಕೆಟುಗಳ ಪ್ರತಿ ಕಳಿಸಿ. ಗೇಟಿನ ಹೊರಗೆ ಮಗ ತೆಗೆದ ಫೋಟೊ ಸಮಯದ ಸಮೇತ ನನ್ನ ಬಳಿ ಇದೆ.

ಹದಿನೈದು ದಿನದೊಳಗೆ ಆ ಸುಳ್ಳು ದಾಖಲೆ ತಿದ್ದಿ, ನನ್ನ ಹೆಂಡತಿಯ ಹೆಸರಿಗೆ ಲಿಖಿತ ಕ್ಷಮಾಪಣೆ ಕಳಿಸತಕ್ಕದ್ದು. ಪರಿಹಾರ ಎಷ್ಟೆಂದು ನಾನು ಹೇಳುವುದಿಲ್ಲ, ಅದನ್ನು ಗ್ರಾಹಕ ಆಯೋಗ ಹೇಳಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ನಾನು ಶಿವಮೊಗ್ಗದಲ್ಲಿದ್ದೇನೆ, ನಿವೃತ್ತನಾಗಿದ್ದೇನೆ, ಪ್ರತಿ ತಾರೀಖಿಗೂ ಬರಲು ನನಗೆ ಪುರುಸೊತ್ತಿದೆ. ನಿಮ್ಮ ವಕೀಲರಿಗೆ ಇದೆಯೇ ವಿಚಾರಿಸಿಕೊಳ್ಳಿ. ಸಾಕ್ಷಿಯಾಗಿ ತಾಯಿಯನ್ನೇ ಕರೆತರುತ್ತೇನೆ. ಅವರು ಬಾಲಕಾಂಡದಿಂದ ಶುರುಮಾಡುತ್ತಾರೆ.

ಇನ್ನೊಂದು ಮಾತು. ನಮ್ಮ ನಿವೃತ್ತ ನೌಕರರ ಸಂಘ ಈ ವರ್ಷ ವಿಯೆಟ್ನಾಂಗೆ ಹೊರಟಿದೆ. ಬಂದಿರುವ ಕೊಟೇಶನ್‌ಗಳಲ್ಲಿ ನಿಮ್ಮದೂ ಒಂದು. ಪ್ರವಾಸ ಸಮಿತಿಯ ಸಂಚಾಲಕ ನಾನೇ. ಮುಂದಿನ ಸಭೆಯಲ್ಲಿ ಕೊಟೇಶನ್ ಓದುವುದಕ್ಕೆ ಮೊದಲು ಈ ಪತ್ರ ಓದುತ್ತೇನೆ.

ಇತಿ,
ನಿಮ್ಮ ಹಾಳೆಯ ಪ್ರಕಾರ ಒಂದೂ ಬಿಲ್ ಮಾಡದ ಗ್ರಾಹಕ